ಲೇಸರ್ ಕ್ಯೂನಲ್ಲಿ ಫೇಡ್ ಬರುತ್ತಿಲ್ಲ, ಯಾಕೆ?

ಪ್ರಶ್ನೆ: ಕ್ವಿಕ್‌ಶೋದಲ್ಲಿ (ಲೇಸರ್ ಶೋ ಸಾಫ್ಟ್‌ವೇರ್) ಒಂದು ಕ್ಯೂ (ಲೇಸರ್ ದೃಶ್ಯ) ಮಾಡಿದ್ದೇನೆ, ಹಸಿರಿನಿಂದ ನೀಲಿಗೆ ನಿಧಾನವಾಗಿ ತಿರುಗಿ ಆಮೇಲೆ ಮಸುಕಾಗುತ್ತಾ ಆರಬೇಕು. ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತದೆ, ಗೋಡೆ ಮೇಲೆ ಮಾತ್ರ ಟಕ್ ಅಂತ ಬದಲಾಗಿ ಟಕ್ ಅಂತ ಆರಿಹೋಗುತ್ತದೆ.

ಉತ್ತರ 1: ಕ್ಯೂ ಸರಿಯಾಗೇ ಇದೆ. ನಿಮ್ಮ ಲೇಸರ್ ಟಿಟಿಎಲ್ ಇರಬೇಕು. ಅದಕ್ಕೆ ಆನ್, ಆಫ್ ಬಿಟ್ಟು ಬೇರೇನೂ ಗೊತ್ತಿಲ್ಲ. ಕೆಂಪು, ಹಸಿರು, ನೀಲಿ ಹೇಗೆ ಬೆರೆಸಿದರೂ 7 ಬಣ್ಣ, ಅಷ್ಟೇ. ಫೇಡ್‌ಗೆ ಅನಲಾಗ್ ಮಾಡ್ಯುಲೇಷನ್ ಬೇಕು, ಅಂದರೆ ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ಇಳಿಸುವ ವ್ಯವಸ್ಥೆ.

ಪ್ರಶ್ನೆ ಕೇಳಿದವರು: ಬಾಕ್ಸ್ ಮೇಲೆ ಅನಲಾಗ್ ಅಂತಲೇ ಇದೆಯಲ್ಲ?

ಉತ್ತರ 2: ಹಾಗಾದರೆ ಕಲರ್ ಬ್ಯಾಲೆನ್ಸ್ ನೋಡಿ. ಡಯೋಡ್ (ಕಿರಣ ಹೊರಡಿಸುವ ಭಾಗ) ಒಂದು ಮಟ್ಟದ ಕರೆಂಟ್ ದಾಟುವವರೆಗೂ ಲೇಸರ್ ಕೊಡುವುದಿಲ್ಲ, ಮೂರು ಬಣ್ಣಕ್ಕೂ ಆ ಮಟ್ಟ ಬೇರೆ ಬೇರೆ. ಪ್ರೊಜೆಕ್ಟರ್ ಸೆಟ್ಟಿಂಗ್ಸ್‌ನಲ್ಲಿ ಒಂದೊಂದರ ಕನಿಷ್ಠ ಮಟ್ಟವನ್ನೂ ಕಿರಣ ಆಗಷ್ಟೇ ಕಾಣಿಸುವ ಜಾಗಕ್ಕೆ ತನ್ನಿ. ಗೋಡೆ ನೋಡಿಕೊಂಡೇ ಮಾಡಿ, ಒಳಗೆ ಇಣುಕಬೇಡಿ ಮಾರಾಯ್ರೆ.