1942ರ ಸೈಕ್ಲೋಸ್ಟೈಲ್ ಕರಪತ್ರ: ಸ್ಟೆನ್ಸಿಲ್ ಮೇಲೆ ಕನ್ನಡ ಬರೆದರೆ ಅಕ್ಷರ ಹರಿಯುತ್ತಿದೆ

ಮಾಟುಂಗಾ_ಓದುಗ
ಚಲೇಜಾವ್ ಚಳವಳಿಯ ಭೂಗತ ಕರಪತ್ರ ಹೇಗೆ ತಯಾರಾಗುತ್ತಿತ್ತು ಎಂದು ಆಗಸ್ಟ್ 9ರಂದು ಮುಂಬಯಿಯ ಮಾಟುಂಗಾದ ಕನ್ನಡ ಮಕ್ಕಳೆದುರು ಮಾಡಿ ತೋರಿಸಬೇಕು. ಕೈಯಲ್ಲಿ ತಿರುಗಿಸಿ ಪ್ರತಿ ತೆಗೆಯುವ ಹಳೆಯ ಸೈಕ್ಲೋಸ್ಟೈಲ್ ಯಂತ್ರವಿದೆ, ಮೇಣದ ಸ್ಟೆನ್ಸಿಲ್ ಇದೆ. ಆದರೆ ಠ, ರ, ಸೊನ್ನೆ ಎಲ್ಲ ಕಪ್ಪು ಬೊಟ್ಟಾಗಿ ಮೂಡುತ್ತಿವೆ. ಒಂದು ಹಾಳೆಯ ಮಸಿ ಮತ್ತೊಂದರ ಬೆನ್ನಿಗೆ ಹತ್ತುತ್ತಿದೆ. ಒಕ್ಕಣೆ ಹೇಗಿರಬೇಕು ಅಂತಲೂ ತಿಳಿಸಿ.

ಗಿರಗಾಂವ್_ಮಸಿ
ಸ್ಟೈಲಸ್, ಅಂದರೆ ಸ್ಟೆನ್ಸಿಲ್ ಮೇಲೆ ಬರೆಯುವ ಮೊನೆಕಡ್ಡಿ, ಹೆಚ್ಚು ಒತ್ತುತ್ತಿದ್ದೀರಿ. ಸ್ಟೆನ್ಸಿಲ್ ಅಂದರೆ ಉದ್ದ ನಾರಿನ ತೆಳು ಕಾಗದ, ಅದಕ್ಕೆ ಮೇಣದ ಲೇಪ. ಮೇಣ ಮಾತ್ರ ಸರಿಯಬೇಕು, ನಾರು ಉಳಿಯಬೇಕು. ಮಸಿ ಇಳಿಯುವುದು ನಾರಿನ ಸಂದಿಯಿಂದ. ನಾರೂ ಕತ್ತರಿಸಿತೋ, ವೃತ್ತದ ಒಳತುಂಡು ಕಳಚಿಬೀಳುತ್ತದೆ. ನಮ್ಮ ದುಂಡು ಲಿಪಿಗೆ ಈ ಕಾಟ ಹೆಚ್ಚು. ಸೊನ್ನೆಯನ್ನು ಒಂದೇ ಸುತ್ತಿಗೆ ಮುಚ್ಚಬೇಡಿ. ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆದು, ಸೇರುವಲ್ಲಿ ಕೂದಲೆಳೆಯಷ್ಟು ಬಿಡಿ. ಮಸಿಯೇ ಅದನ್ನು ಕೂಡಿಸುತ್ತದೆ. ಒತ್ತಕ್ಷರಕ್ಕೆ ಸಾಲುಗಳ ನಡುವೆ ಧಾರಾಳ ಜಾಗವಿರಲಿ. ತಲೆಬರಹದಡಿ ಉದ್ದ ಗೆರೆ ಬೇಡವೇ ಬೇಡ, ಡ್ರಮ್ಮಿನ (ಯಂತ್ರದ ತಿರುಗುವ ಉರುಳೆಯ) ಎಳೆತಕ್ಕೆ ಸ್ಟೆನ್ಸಿಲ್ ಅಲ್ಲಿಂದಲೇ ಹರಿಯುತ್ತದೆ. ತಪ್ಪಾದರೆ ತಿದ್ದುವ ದ್ರವ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬರೆಯಿರಿ.

ಮಸಿ ಹತ್ತುವುದು ಕಾಗದದಿಂದ. ಝೆರಾಕ್ಸ್ ಹಾಳೆ ನುಣುಪು, ಮಸಿ ಹೀರುವುದಿಲ್ಲ. ಒರಟಾದ, ಹೀರುವ ಕಾಗದ ತನ್ನಿ, ಒಂದೇ ಮಗ್ಗುಲಿಗೆ ಮುದ್ರಿಸಿ. ಮುಂಬಯಿಯ ಆಗಸ್ಟ್ ಅಂದರೆ ತೇವ: ಕಟ್ಟು ಮೊದಲೇ ಬಿಚ್ಚಿಟ್ಟರೆ ಹಾಳೆ ಮೆತ್ತಗಾಗಿ ಎರಡೆರಡು ಒಟ್ಟಿಗೆ ಒಳಹೋಗುತ್ತವೆ.

ಪುಣೆ_ಕಡತ
ಒಕ್ಕಣೆಯಲ್ಲಿ ಕಾಲದ ತಪ್ಪು ನುಸುಳದಂತೆ ನೋಡಿ. ಆಗಸ್ಟ್ 8ರ ರಾತ್ರಿ ಕಾಂಗ್ರೆಸ್ಸಿನ ಚಲೇಜಾವ್ ಠರಾವು ಪಾಸಾಯಿತು, 9ರ ಬೆಳಗಿನ ಜಾವ ನಾಯಕರ ಬಂಧನ. ಹಾಗಾಗಿ 9ರ ತಾರೀಕಿನ ಕರಪತ್ರದಲ್ಲಿ "ಅಹ್ಮದ್‌ನಗರ ಕೋಟೆ" ಎಂದು ಬರೆಯಬಾರದು. ಕಾಂಗ್ರೆಸ್ ಕಾರ್ಯಕಾರಿ ಸಮಿತಿಯವರನ್ನು ಇಟ್ಟದ್ದು ಅಲ್ಲೇ, ಆದರೆ ಅದನ್ನು ಸರ್ಕಾರ ಆಗ ಗುಟ್ಟಾಗಿಟ್ಟಿತ್ತು. ಠರಾವು ಪಾಸಾದ ಜಾಗಕ್ಕೆ "ಆಗಸ್ಟ್ ಕ್ರಾಂತಿ ಮೈದಾನ" ಎಂಬುದು ಆಮೇಲಿನ ಹೆಸರು, ಅಂದು ಅದು ಗೋವಾಳಿಯಾ ಟ್ಯಾಂಕ್. ಉಷಾ ಮೆಹ್ತಾ ಅವರಿದ್ದ ಭೂಗತ ಕಾಂಗ್ರೆಸ್ ರೇಡಿಯೋವನ್ನೂ ಸೇರಿಸಬೇಡಿ, 42.34 ಮೀಟರ್ ತರಂಗದಲ್ಲಿ ಅದು ಶುರುವಾದದ್ದು ಆ ತಿಂಗಳ ಕೊನೆಗೆ.

ಘೋಷಣೆಯೊಂದನ್ನೇ ತುಂಬಬೇಡಿ. ಪತ್ರಿಕೆಗಳ ಬಾಯಿ ಕಟ್ಟಿದ್ದ ದಿನಗಳವು; ಜನರಿಗೆ ಧೈರ್ಯ ಬರುತ್ತಿದ್ದದ್ದು ಸುದ್ದಿಯಿಂದ. ಎಲ್ಲಿ ಹರತಾಳ, ಯಾರ ಬಂಧನ, ನಾಳೆ ಏನು ಮಾಡಬೇಕು ಎಂಬುದು ಮೊದಲು ಬರಲಿ. "ಮಾಡು ಇಲ್ಲವೇ ಮಡಿ" ಕೊನೆಯ ಸಾಲಿಗಿರಲಿ. ಓದು ಬಾರದವರಿಗೆ ಒಬ್ಬರು ಓದಿ ಹೇಳುವಂತೆ ವಾಕ್ಯ ಚಿಕ್ಕದಾಗಿರಬೇಕು.

ಮಾಟುಂಗಾ_ಓದುಗ
ಕೆಳಗೆ ಮುದ್ರಕರ ಹೆಸರು ಹಾಕೋಣವೇ?

ಪುಣೆ_ಕಡತ
ಬೇಡ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಮುದ್ರಣದ ಸ್ಥಳ ಇರಲೇಬೇಕಿತ್ತು. ಹಾಕಿದರೆ ಪೊಲೀಸರು ನೇರ ಬಾಗಿಲಿಗೇ ಬರುತ್ತಿದ್ದರು. ಆ ಜಾಗ ಖಾಲಿ ಬಿಡಿ, ಯಾಕೆ ಖಾಲಿ ಎಂದು ಮಕ್ಕಳು ಕೇಳಲಿ.