ಬೆಣ್ಣೆ ಚೆಕ್ಕು ಯಾರ ಹೆಸರಿಗೆ?

(ಡೇರಿ ಸೈನ್ಸ್ ಗೆಳೆಯರ ಗುಂಪು. ಶ್ರೀಧರ ಹಂಚಿದ ಚಿತ್ರ: ಅಮೆರಿಕದ ಐಯೋವಾ, 1870ರ ದಶಕ, ಉದ್ದನೆ ಮರದ ಡಬ್ಬಿಯಲ್ಲಿ ಬೆಣ್ಣೆ ಕಡೆಯುತ್ತಿರುವ ರೈತನ ಹೆಂಡತಿ. ಅಡಿಬರಹ: "ಕ್ರೀಮರಿ ಬಂತು, ಅವಳ ಗೋಳು ತಪ್ಪಿತು." ಕ್ರೀಮರಿ ಅಂದರೆ ಬೆಣ್ಣೆ ಮಾಡುವ ಕಾರ್ಖಾನೆ.)

ಸುಮಾ: ಗೋಳಿನ ಜೊತೆ ಕೈಯಲ್ಲಾಡ್ತಿದ್ದ ದುಡ್ಡೂ ಹೋಯ್ತಲ್ಲೋ! ಮನೆಗೆ ಸಕ್ಕರೆ, ಕಾಫಿ, ಬಟ್ಟೆ ಬರ್ತಿದ್ದದ್ದೇ ಬೆಣ್ಣೆ, ಮೊಟ್ಟೆ ಮಾರಿ. ಮೆಕ್ಕೆಜೋಳ, ಹಂದಿ ಮಾರಿದ್ದೆಲ್ಲ ಜಮೀನಿನ ಸಾಲಕ್ಕೆ.

ಶ್ರೀಧರ: ಕೆಲಸ ನೋಡು ಮೊದಲು. ಒಂದು ಪೌಂಡ್ ಬೆಣ್ಣೆಗೆ ಹತ್ತು ಲೀಟರ್ ಹಾಲು. ಅಗಲ ತಗಡಿನ ತಟ್ಟೆಗಳಲ್ಲಿ 24ರಿಂದ 36 ಗಂಟೆ ಬಿಟ್ಟು ಕೆನೆ ತೆಗೀಬೇಕು, ಒಂದೊಂದು ತಟ್ಟೇನೂ ಕುದಿನೀರಲ್ಲಿ ತೊಳೀಬೇಕು. ದಿನಾ.

ನಾಗರಾಜ: ಕಡೆಯೋದು ಅರ್ಧ ಗಂಟೆ ಕೆಲಸ. ನಮ್ಮ ಮನೆಗಳಲ್ಲೂ ಕಡೀತಾರಪ್ಪ.

ಗೀತಕ್ಕ: ನಾಗರಾಜ, ನಾವು ಕಡೆದು ತುಪ್ಪ ಕಾಯಿಸಿಬಿಡ್ತೀವಿ, ಬೆಣ್ಣೇಲಿ ಮಜ್ಜಿಗೆ ಉಳಿದರೂ ನಡೆಯುತ್ತೆ. ಅವಳು ಬೆಣ್ಣೆಯಾಗೇ ಇಟ್ಟು ಮಾರಬೇಕು. ಹುಳಿಗಟ್ಟಿದ ಕೆನೆ 15-16 ಡಿಗ್ರಿ ಸೆಲ್ಸಿಯಸ್ ಆಸುಪಾಸಿರಬೇಕು, ಡಬ್ಬಿ ಅರ್ಧಕ್ಕಿಂತ ತುಂಬಬಾರದು. ಬಿಸಿ ಜಾಸ್ತಿಯಾದ್ರೆ ಬೆಣ್ಣೆ ಬೇಗ ಬರುತ್ತೆ, ಆದ್ರೆ ಮೆತ್ತಗೆ, ಬೆಳ್ಳಗೆ. ತೀರಾ ತಣ್ಣಗಿದ್ರೆ ನೊರೆ ಉಬ್ಬುತ್ತೆ, ರಟ್ಟೆ ಬಿದ್ದುಹೋಗೋ ಹಾಗೆ ಕಡೆದರೂ ಬರಲ್ಲ. ಗೋಧಿಕಾಳಿನಷ್ಟು ಕಾಳಾದ ಕೂಡಲೇ ನಿಲ್ಲಿಸಬೇಕು. ಮುದ್ದೆಯಾಯ್ತೋ, ಒಳಗೆ ಸಿಕ್ಕಿದ ಮಜ್ಜಿಗೆ ತೊಳೆಯೋಕಾಗಲ್ಲ, ಬೆಣ್ಣೆ ಬೇಗ ಕೆಡುತ್ತೆ. ಆಮೇಲೆ ನೀರು ತಿಳಿಯಾಗೋವರೆಗೆ ತಣ್ಣೀರಲ್ಲಿ ತೊಳೆದು, ಪೌಂಡಿಗೆ ಒಂದು ಔನ್ಸ್ ಉಪ್ಪು ಹಾಕಿ, ಮರದ ಸಟ್ಟುಗದಲ್ಲಿ ಒತ್ತಿ ನೀರಿಳಿಸೋದು. ಬರಿಗೈ ಹಾಕಿದ್ರೆ ಕೈ ಬಿಸಿಗೇ ಕರಗುತ್ತೆ. ಉಪ್ಪು ಸಮ ಬೆರೆಯದಿದ್ರೆ ಮಾರನೇ ದಿನ ಬಣ್ಣ ಪಟ್ಟೆಪಟ್ಟೆ.

ಶ್ರೀಧರ: ಇಷ್ಟೆಲ್ಲ ಮಾಡಿ ತಗೊಂಡು ಹೋದ್ರೆ ಊರಿನ ಅಂಗಡಿಯವನು ನಗದು ಕೊಡ್ತಿದ್ನಾ ಅಕ್ಕ? ಸಾಮಾನು. ಎಷ್ಟೋ ಕಡೆ ಒಳ್ಳೇದಕ್ಕೂ ಕಮಟಿಗೂ ಒಂದೇ ದರ. ಕಮಟು ಅಂತ ವಾಪಸ್ ಕೊಟ್ರೆ ಗಿರಾಕಿ ಕೈಬಿಟ್ಟುಹೋಗುತ್ತಲ್ಲ, ಎಲ್ಲಾ ಒಂದೇ ಪೀಪಾಯಿಗೆ! ಐಯೋವಾ ಬೆಣ್ಣೆಗೆ ಹೆಸರು ಬಂದದ್ದು 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ, ಮ್ಯಾಂಚೆಸ್ಟರ್ ಊರಿನ ಹತ್ತಿರದ ಜಾನ್ ಸ್ಟೀವರ್ಟ್ ಕ್ರೀಮರಿ ಚಿನ್ನದ ಪದಕ ತಗೊಂಡಾಗ.

ಸುಮಾ: ಆದ್ರೆ ಅಲ್ಲಿ ಎಷ್ಟೋ ಕ್ರೀಮರಿಗಳು ಮನೆ ಮನೆಯಿಂದ ಎತ್ತುತ್ತಿದ್ದದ್ದು ಹಾಲಲ್ಲ, ಕೆನೆ. ನೀನು ಹೇಳಿದ ತಟ್ಟೆ ತೊಳೆಯೋದೆಲ್ಲ ಅವಳ ತಲೆಗೇ ಉಳೀತು.

ನಾಗರಾಜ: ಅಳತೆಯಲ್ಲೂ ಮೋಸ. 12 ಅಂಗುಲ ಅಗಲದ ಕ್ಯಾನಿನಲ್ಲಿ ಒಂದು ಅಂಗುಲ ಕೆನೆ ಅಂದ್ರೆ ಒಂದು ಪೌಂಡ್ ಬೆಣ್ಣೆ ಅಂತ ಲೆಕ್ಕ. ಗಟ್ಟಿ ಕೆನೆಗೂ ನೀರು ಕೆನೆಗೂ ಅದೇ ದುಡ್ಡು.

ಗೀತಕ್ಕ: 1890ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಬ್ಯಾಬ್‌ಕಾಕ್ ಪರೀಕ್ಷೆ, ಅಂದ್ರೆ ಹಾಲು-ಕೆನೆಯಲ್ಲಿ ಫ್ಯಾಟು (ಕೊಬ್ಬು) ಎಷ್ಟಿದೆ ಅಂತ ಅಳೆಯೋ ಪರೀಕ್ಷೆ ಬಂದ ಮೇಲೆ ಅದು ಸರಿಹೋಯ್ತು. ನಮ್ಮ ಡೇರಿಗಳಲ್ಲಿ ಫ್ಯಾಟ್ ಅಳೆಯೋ ಗರ್ಬರ್ ಪರೀಕ್ಷೆಗೆ ಅಣ್ಣ ಅನ್ನಿ.

ಶ್ರೀಧರ: ಅಂದ್ರೆ ಕೊನೆಗೆ ನ್ಯಾಯ ಸಿಕ್ತು.

ಸುಮಾ: ಫ್ಯಾಟಿಗೆ ಸಿಕ್ತು. ಕ್ರೀಮರಿ ಕೊಡೋ ಚೆಕ್ಕು ಎಷ್ಟೋ ಮನೆಗಳಲ್ಲಿ ಗಂಡನ ಹೆಸರಿಗೆ. ನಮ್ಮ ಮಹಿಳಾ ಹಾಲು ಸಂಘಗಳಲ್ಲಾದ್ರೂ ಸದಸ್ಯೆ ಅವಳೇ.

ಶ್ರೀಧರ: ಕಡೆಯೋದಂತೂ ತಪ್ತಲ್ಲ ಮಾರಾಯ್ತಿ!

ಸುಮಾ: ಯಾರಿಗೆ? 1899ರಲ್ಲೂ ಅಮೆರಿಕದ ಬೆಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ರೈತರ ಮನೆಯಲ್ಲೇ ಆಗಿದ್ದು.

ಗೀತಕ್ಕ: ಕೈಸೆಪರೇಟರ್, ಅಂದ್ರೆ ಕೈಯಲ್ಲಿ ತಿರುಗಿಸಿ ಹಾಲಿಂದ ಕೆನೆ ಬೇರ್ಪಡಿಸೋ ಯಂತ್ರ, ಬಂದ ಮನೇಲೂ ಬಟ್ಟಲು ಬಿಚ್ಚಿ, ಒಳಗಿನ ತಗಡುಗಳನ್ನ ಒಂದೊಂದಾಗಿ ತೊಳೀಬೇಕಿತ್ತು. ಒಂದು ಹೊತ್ತು ಬಿಟ್ರೆ ಮುಂದಿನ ಹೊತ್ತಿನ ಕೆನೆ ನಾರುತ್ತೆ.