ಫಾರ್ಮ್ಯಾಟ್ ಮೊದಲೋ, ಕಾಪಿ ಮೊದಲೋ

(ಹಾಸನದ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪು. ಎಲ್ಲರ ನಂಬರೂ ಊರಿನ ಹೆಸರಲ್ಲೇ ಸೇವ್ ಆಗಿದೆ.)

ಅರಸೀಕೆರೆ: [ಫಾರ್ವರ್ಡ್] ಕಂಪ್ಯೂಟರ್ ಆನ್ ಆಗುವಾಗ ಲೋಗೋದಲ್ಲೇ ನಿಂತುಬಿಡುತ್ತಿದೆಯೇ? ಹೆದರಬೇಡಿ! 1) ಮೂರು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿ. 2) ಚೆಕ್‌ಡಿಸ್ಕ್ ಅನ್ನು (ಡಿಸ್ಕ್ ಪರೀಕ್ಷಿಸಿ ತಿದ್ದುವ ವಿಂಡೋಸ್ ಆಜ್ಞೆ) ಎಫ್, ಆರ್ ಎರಡೂ ಆಯ್ಕೆ ಸೇರಿಸಿ ಓಡಿಸಿ. 3) ರ್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ. 4) ಬೋರ್ಡ್ ಮೇಲಿನ ಗುಂಡಿಯಂಥ ಸಿಮಾಸ್ ಬ್ಯಾಟರಿ ತೆಗೆದು ಮತ್ತೆ ಹಾಕಿ. 5) ಆಗಲೂ ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿ. ಎಲ್ಲರಿಗೂ ತಲುಪಿಸಿ 🙏

ಅರಸೀಕೆರೆ: ಸಂಘದ ಆಫೀಸಿನ ಸಿಸ್ಟಮ್ ನಿಲ್ತಿದೆ ಅಂತ ಆಲೂರು ನಿನ್ನೆ ಹೇಳಿದ್ನಲ್ಲ, ಅದಕ್ಕೇ ಹಾಕಿದೆ. ಸುಮ್ನೆ ಎಳೆದಾಡೋ ಬದಲು ನೇರವಾಗಿ ಐದನೇದೇ ಮಾಡಿದ್ರೆ ಸಂಜೆಯೊಳಗೆ ಮುಗಿಯುತ್ತೆ.

ಬೇಲೂರು: ಆಲೂರು, ಇದರಲ್ಲಿ ಒಂದನ್ನೂ ಮಾಡ್ಬೇಡ. ಆಫ್ ಮಾಡಿ ಇಡು. ಎಲ್ಲಿ ನಿಲ್ತಿದೆ ಹೇಳು. ಮದರ್‌ಬೋರ್ಡ್ ಕಂಪನಿಯ ಲೋಗೋದಲ್ಲಾ, ವಿಂಡೋಸ್‌ನ ನೀಲಿ ಕಿಟಕಿ ಬಂದ ಮೇಲಾ? ಕೆಳಗಿನ ಚುಕ್ಕಿಗಳು ತಿರುಗ್ತಾನೇ ಇರ್ತವಾ, ಅವೂ ನಿಂತುಬಿಡ್ತವಾ? ಡಿಸ್ಕ್ ಲೈಟ್ ಮಿಣಮಿಣ ಅನ್ನುತ್ತಾ, ಒಂದೇ ಸಮ ಉರೀತದಾ?

ಆಲೂರು: ನೀಲಿ ಕಿಟಕಿ ಬರುತ್ತೆ. ಚುಕ್ಕಿ ತಿರುಗ್ತಾನೇ ಇರುತ್ತೆ, ಇಪ್ಪತ್ತು ನಿಮಿಷ ಕಾದ್ರೂ ಅಷ್ಟೇ. ಲೈಟ್ ಒಂದೇ ಸಮ ಉರೀತಿದೆ. ಐ3 ನಾಲ್ಕನೇ ಜನರೇಷನ್ ಪ್ರೊಸೆಸರ್, ಎಚ್81 ಬೋರ್ಡ್, 2 ಜಿಬಿಯ ಎರಡು ರ್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10.

ಬೇಲೂರು: ಹಾಗಾದ್ರೆ ನನ್ನ ಅನುಮಾನ ಡಿಸ್ಕ್ ಮೇಲೆ. ಚುಕ್ಕಿ ಅಲ್ಲಾಡದೆ ನಿಂತುಬಿಟ್ರೆ ಇಡೀ ಸಿಸ್ಟಮ್ಮೇ ಸ್ತಬ್ಧ ಆಗಿದೆ ಅಂತ. ಆಗ ರ್ಯಾಮ್, ಡ್ರೈವರ್, ಬಿಸಿ ಇವನ್ನೆಲ್ಲ ನೋಡ್ಬೇಕು. ಚುಕ್ಕಿ ತಿರುಗ್ತಾ ಲೈಟ್ ಒಂದೇ ಸಮ ಉರಿದ್ರೆ ವಿಂಡೋಸ್ ಏನನ್ನೋ ಓದೋಕೆ ಕೇಳಿದೆ, ಡಿಸ್ಕ್ ಅದೇ ಸೆಕ್ಟರನ್ನ, ಅಂದ್ರೆ ಡೇಟಾ ಕೂರೋ ಸಣ್ಣ ತುಂಡನ್ನ, ಮತ್ತೆ ಮತ್ತೆ ಓದೋಕೆ ಹೋಗಿ ಸೋಲ್ತಿದೆ.

ಅರಸೀಕೆರೆ: ಅನುಮಾನ ತಾನೇ? ವಿಂಡೋಸ್ ಫೈಲ್ ಕೆಟ್ಟಿದ್ರೂ ಹೀಗೇ ಆಗುತ್ತೆ ಕಣಪ್ಪ. ಫಾರ್ಮ್ಯಾಟ್ ಮಾಡಿದ್ರೆ ಸಾಫ್ಟ್‌ವೇರ್ ತಕರಾರು ಅಷ್ಟೂ ಒಂದೇ ಏಟಿಗೆ ಹೋಗುತ್ತೆ, ಎರಡು ಗಂಟೆ ಕೆಲಸ.

ಹೊಳೆನರಸೀಪುರ: ಸಂಘದ ಲೆಕ್ಕ ಅಷ್ಟೂ ಅದರಲ್ಲೇ ಇದೆ. ಟ್ಯಾಲಿ ಬ್ಯಾಕಪ್ ಮಾರ್ಚ್ ಕೊನೇದು. ಆಮೇಲಿನದು ಎಲ್ಲೂ ಇಲ್ಲ. ದಯವಿಟ್ಟು ಯಾರೂ ಫಾರ್ಮ್ಯಾಟ್ ಅನ್ನೋ ಮಾತು ಎತ್ತಬೇಡಿ.

ಬೇಲೂರು: ಅದಕ್ಕೇ ಹೇಳಿದ್ದು. ಕ್ವಿಕ್ ಫಾರ್ಮ್ಯಾಟ್ ಡಿಸ್ಕಿನ ಮೇಲ್ಮೈಯನ್ನ ನೋಡೋದೇ ಇಲ್ಲ, ಫೈಲುಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತೆ. ಕೆಟ್ಟ ಸೆಕ್ಟರ್ ಅಲ್ಲೇ ಇರುತ್ತೆ, ಹೊಸ ವಿಂಡೋಸ್ ಅದರ ಮೇಲೆ ಬಂದು ಕೂತ್ರೆ ಮತ್ತೆ ಇದೇ ಕಥೆ. ಫುಲ್ ಫಾರ್ಮ್ಯಾಟ್ ಆದ್ರೆ ವಿಸ್ಟಾದಿಂದ ಈಚೆಗೆ ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ತಂದ್ರೂ ಲೆಕ್ಕ ವಾಪಸ್ ಬರಲ್ಲ.

ಅರಸೀಕೆರೆ: ಸರಿ, ಐದು ಬಿಡು. ಎರಡನೇದರಲ್ಲಿ ಏನು ತಪ್ಪು? ಚೆಕ್‌ಡಿಸ್ಕ್ ಮೈಕ್ರೋಸಾಫ್ಟ್‌ನವರದ್ದೇ.

ಬೇಲೂರು: ಗಟ್ಟಿ ಡಿಸ್ಕಿಗೆ ಅದು ಒಳ್ಳೇದೇ. ಸಾಯ್ತಿರೋ ಡಿಸ್ಕಿಗೆ ಅಲ್ಲ. ಆರ್ ಹಾಕಿದ್ರೆ ಖಾಲಿ ಜಾಗಾನೂ ಸೇರಿಸಿ ಒಂದೊಂದು ಸೆಕ್ಟರನ್ನೂ ಓದಿಸುತ್ತೆ, ಗಂಟೆಗಟ್ಟಲೆ. ಡಿಸ್ಕ್ ಓದೋ ಹೆಡ್ ಮೊದಲೇ ಸೋತಿರುತ್ತೆ. ಅದರ ಜೊತೆಗೆ ಎಫ್ ಹಾಕಿದ್ರೆ ಫೈಲುಗಳ ಪಟ್ಟಿಯನ್ನ ತಿದ್ದಿ, ಅರ್ಧಂಬರ್ಧ ಸಿಕ್ಕ ಫೈಲುಗಳ ಹೆಸರು ಕಿತ್ತು ಬೇರೆ ಫೋಲ್ಡರಿಗೆ ತಳ್ಳುತ್ತೆ. ಮೊದಲನೇ ಸೂಚನೇನೂ ಅಪಾಯವೇ. ಬೂಟ್ ಆಗ್ತಾ ಮೂರು ಸಲ ಆಫ್ ಮಾಡಿದ್ರೆ ವಿಂಡೋಸ್ ತಾನಾಗೇ ಆಟೋಮ್ಯಾಟಿಕ್ ರಿಪೇರಿಗೆ ಹೋಗುತ್ತೆ, ಅಲ್ಲಿ ಕೇಳದೇನೇ ಡಿಸ್ಕ್ ತಿದ್ದೋಕೆ ಶುರುಮಾಡಬಹುದು.

ಸಕಲೇಶಪುರ: ಮಾರಾಯ, ನೀನು ಡಿಸ್ಕ್ ಡಿಸ್ಕ್ ಅಂತ ಒಂದೇ ಹಿಡಿದಿದ್ದೀಯ. ಈ ಮಳೆಗಾಲದ ಥಂಡಿಗೆ ರ್ಯಾಮ್ ಕಾಂಟ್ಯಾಕ್ಟ್ ಮಂಕಾಗೋದು ಮಾಮೂಲು. ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ) ಸೋತಿದ್ರೂ ಸ್ಟಾರ್ಟಲ್ಲೇ ಗೊತ್ತಾಗೋದು. ಮೂರೂವರೆ ಇಂಚಿನ ಡಿಸ್ಕ್ ತಿರುಗೋಕೆ ಶುರುವಾಗುವಾಗ 12 ವೋಲ್ಟ್ ಲೈನಿಂದ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತೆ. ಆ ಹೊತ್ತಿಗೆ ವೋಲ್ಟೇಜ್ ಕುಸಿದ್ರೆ ಡಿಸ್ಕ್ ಚೆನ್ನಾಗಿದ್ರೂ ತೊದಲುತ್ತೆ.

ಬೇಲೂರು: ಆ ಮಾತು ಒಪ್ತೀನಿ. ಆದ್ರೆ ಅದನ್ನ ಅಳೆದು ನೋಡ್ಬೇಕು, ರಬ್ಬರ್ ಉಜ್ಜಿ ಅಲ್ಲ.

ಸಕಲೇಶಪುರ: ರಬ್ಬರ್ ಬೇಡ ಅಂತ ನಾನೂ ಹೇಳೋದು. ಚಿನ್ನದ ಲೇಪ ಬಹಳ ತೆಳು, ಪುಡಿ ಸ್ಲಾಟಿಗೆ ಬೀಳುತ್ತೆ, ಸ್ಟ್ಯಾಟಿಕ್ ಬೇರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಒಣಗಿದ ಮೇಲೆ ಎರಡು ಕಡೆ ಕ್ಲಿಪ್ಪೂ ಟಕ್ ಅನ್ನೋ ತನಕ ಒತ್ತಿದ್ರೆ ಸಾಕು. ಅದಕ್ಕೂ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ, ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಇಳಿಯುತ್ತೆ.

ಅರಸೀಕೆರೆ: ನಾಲ್ಕನೇದು? ಸಿಮಾಸ್ ಬ್ಯಾಟರಿಯಿಂದ ಏನೂ ಹಾನಿ ಇಲ್ಲ ಅಂದ್ಕೋತೀನಿ.

ಸಕಲೇಶಪುರ: ಇದೆ. ಬ್ಯಾಟರಿ ತೆಗೆದ್ರೆ ಬಯೋಸ್ ಸೆಟ್ಟಿಂಗ್, ಅಂದ್ರೆ ವಿಂಡೋಸಿಗೂ ಮೊದಲು ಬೋರ್ಡ್ ಓದೋ ಸೆಟ್ಟಿಂಗ್, ಎಲ್ಲ ಕಾರ್ಖಾನೆಯಿಂದ ಬಂದ ಹಂಗೆ ಹೋಗುತ್ತೆ. ವಿಂಡೋಸ್ ಹಾಕಿದಾಗ ಡಿಸ್ಕ್ ಜೋಡಿಸೋ ಸಾಟಾ ಸಂಪರ್ಕ ಐಡಿಇ ಮೋಡಲ್ಲಿದ್ದು, ಈಗ ಎಎಚ್‌ಸಿಐ ಆದ್ರೆ ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನೀಲಿ ಪರದೆ ಬರುತ್ತೆ. ಒಂದು ತೊಂದರೆ ನೋಡೋಕೆ ಹೋಗಿ ಎರಡಾಗುತ್ತೆ. ತೆಗೆಯಲೇಬೇಕಂದ್ರೆ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ತೆಗೀರಿ. ಇಲ್ಲಿ ತಾರೀಖು, ಟೈಮು ಸರಿಯಾಗಿ ಬರ್ತಿದ್ರೆ ಆ ಸಿಆರ್2032 ಬ್ಯಾಟರೀನ ಮುಟ್ಟೋ ಅಗತ್ಯವೇ ಇಲ್ಲ.

ಆಲೂರು: ತಾರೀಖು ಸರಿ ಇದೆ. ಈಗ ನಾನು ಮಾಡ್ಬೇಕಾದ್ದು ಏನು, ಒಂದೊಂದಾಗಿ ಹೇಳಿ. ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತಿದ್ದೀನಿ, ಕೀಬೋರ್ಡ್ ಮೌಸ್ ಮಾತ್ರ ಇದೆ.

ಬೇಲೂರು: ಇನ್ನೊಂದು ಕಂಪ್ಯೂಟರಲ್ಲಿ 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಸಾಫ್ಟ್‌ವೇರ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಬರ್ಕೋ. ಇನ್‌ಸ್ಟಾಲ್ ಮಾಡೋದಲ್ಲ, ಪೆನ್‌ಡ್ರೈವಿಂದಲೇ ಓಡಿಸೋದು. ಯಾವುದರಿಂದ ಬೂಟ್ ಆಗ್ಬೇಕು ಅಂತ ಆರಿಸೋ ಬೂಟ್ ಮೆನುಗೆ ಗಿಗಾಬೈಟ್ ಕಂಪನಿಯ ಬೋರ್ಡಾದ್ರೆ ಎಫ್12, ಏಸಸ್ ಆದ್ರೆ ಎಫ್8, ಎಂಎಸ್‌ಐ ಆದ್ರೆ ಎಫ್11. ಮೊದಲ ಸಲ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತು ಬೂಟ್ ಮಾಡು. ಸರಾಗವಾಗಿ ಬಂದ್ರೆ ಬೋರ್ಡ್, ರ್ಯಾಮ್, ಎಸ್‌ಎಂಪಿಎಸ್ ಮೇಲಿನ ಅನುಮಾನ ಕಮ್ಮಿ ಆಗುತ್ತೆ.

ಸಕಲೇಶಪುರ: ಅದು ನ್ಯಾಯ ಅಲ್ಲ. ಡಿಸ್ಕ್ ಕಿತ್ರೆ ಎಸ್‌ಎಂಪಿಎಸ್ ಮೇಲಿನ ಭಾರಾನೂ ಹೋಯ್ತು. ಸೋತ ಎಸ್‌ಎಂಪಿಎಸ್ಸೂ ಆಗ ಪಾಸಾಗುತ್ತೆ.

ಬೇಲೂರು: ಸರಿ ಹೇಳಿದೆ. ಆಲೂರು, ಡೇಟಾ ಕೇಬಲ್ ಮಾತ್ರ ಕೀಳು, ಅಂದ್ರೆ 7 ಪಿನ್ನಿನ ಸಣ್ಣದು. 15 ಪಿನ್ನಿನ ಅಗಲದ್ದು ಪವರ್, ಅದು ಹಾಗೇ ಇರಲಿ. ಡಿಸ್ಕ್ ತಿರುಗುತ್ತೆ, ಭಾರ ಅಷ್ಟೇ ಇರುತ್ತೆ, ಬೋರ್ಡಿಗೆ ಮಾತ್ರ ಅದು ಕಾಣಲ್ಲ.

ಸಕಲೇಶಪುರ: ಈಗ ಸರಿಯಾಯ್ತು. ಹಂಗೇ ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಖಾಲಿ ಇರೋ ನಾಲ್ಕು ವೈರಿನ ಮೋಲೆಕ್ಸ್ ಕನೆಕ್ಟರಲ್ಲಿ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿ ವೈರಿಗೆ ಹಿಡಿದು ಆನ್ ಮಾಡು. 11.4ರಿಂದ 12.6ರ ಒಳಗೆ ಇರ್ಬೇಕು. ಕೆಂಪು ವೈರಲ್ಲಿ 4.75ರಿಂದ 5.25. ಎರಡು ಕಡ್ಡಿ ಒಂದಕ್ಕೊಂದು ತಾಗದಂತೆ ನೋಡ್ಕೋ.

ಆಲೂರು: 12 ಲೈನ್ 11.92, ಡಿಸ್ಕ್ ಶುರುವಾಗುವಾಗ 11.86ಕ್ಕೆ ಇಳಿದು ವಾಪಸ್ ಬಂತು. 5 ಲೈನ್ 5.06. ಮಿಂಟ್ ಎರಡು ನಿಮಿಷದಲ್ಲಿ ಡೆಸ್ಕ್‌ಟಾಪ್ ತೋರಿಸ್ತು. ಆಫ್ ಮಾಡಿ ಡೇಟಾ ಕೇಬಲ್ ಹಾಕಿ ಮತ್ತೆ ಬೂಟ್ ಮಾಡ್ದೆ, ಆರು ನಿಮಿಷ ಆದ್ಮೇಲೆ ಬಂತು.

ಸಕಲೇಶಪುರ: ಹಾಗಾದ್ರೆ ಎಸ್‌ಎಂಪಿಎಸ್ ಅಲ್ಲ, ಬಿಟ್ಟೆ. ಲಿನಕ್ಸಿಗೂ ತಡ ಆಯ್ತು ಅಂದ್ಮೇಲೆ ವಿಂಡೋಸ್ ತಪ್ಪೂ ಅಲ್ಲ.

ಬೇಲೂರು: ಮಿಂಟ್ ಮೆನುವಲ್ಲಿ ಡಿಸ್ಕ್ಸ್ ತೆರೆದು, ಡ್ರೈವ್ ಆರಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಸ್ಮಾರ್ಟ್ ಡೇಟಾ ನೋಡು. 5, 197, 199, ಈ ಮೂರು ಸಾಲಿನ ಸಂಖ್ಯೆ ಬೇಕು.

ಆಲೂರು: 5ನೇದು ರೀಅಲೊಕೇಟೆಡ್ 112. 197 ಪೆಂಡಿಂಗ್ 64. 199 ಸಿಆರ್‌ಸಿ 0. ಮೇಲ್ಗಡೆ ಮಾತ್ರ "ಡಿಸ್ಕ್ ಈಸ್ ಓಕೆ, 176 ಬ್ಯಾಡ್ ಸೆಕ್ಟರ್ಸ್" ಅಂತಿದೆ.

ಅರಸೀಕೆರೆ: ಓಕೆ ಅಂತ ಅದೇ ಹೇಳ್ತಿದೆಯಲ್ಲ!

ಬೇಲೂರು: ಆ ಓಕೆಯನ್ನ ನಂಬ್ಬೇಡ. ತಯಾರಿಸಿದವರು ಇಟ್ಟ ಗೆರೆ ಇನ್ನೂ ದಾಟಿಲ್ಲ ಅಂತ ಅದರ ಅರ್ಥ, ಡಿಸ್ಕ್ ಬಹಳ ಕೆಟ್ಟ ಮೇಲಷ್ಟೇ ಆ ಗೆರೆ ದಾಟುತ್ತೆ. 112 ಸೆಕ್ಟರ್ ಈಗಾಗ್ಲೇ ಸತ್ತು ಬದಲಿ ಜಾಗಕ್ಕೆ ಹೋಗಿವೆ. 64 ಓದೋಕೆ ಬರ್ತಿಲ್ಲ, ಬದಲಿಯೂ ಆಗಿಲ್ಲ. ಬೂಟ್ ಸಿಕ್ಕಿಹಾಕ್ಕೊಳ್ತಿರೋದು ಇಲ್ಲೇ. 199 ಏರಿದ್ರೆ ಕೇಬಲ್ ಬದಲಾಯಿಸಿ ನೋಡು ಅಂತಿದ್ದೆ, ಅದು ಸೊನ್ನೆ.

ಹೊಳೆನರಸೀಪುರ: ಟ್ಯಾಲಿ ಸಿಗುತ್ತಾ?

ಬೇಲೂರು: ಈಗಲೇ ತೆಗೆದ್ರೆ ಸಿಗೋ ಸಾಧ್ಯತೆ ಹೆಚ್ಚು. ಮುಖ್ಯವಾದ್ದು ಮೊದಲು: ಟ್ಯಾಲಿಯ ಡೇಟಾ ಫೋಲ್ಡರ್ ಇಡೀ ಎತ್ತು, ಒಳಗೆ ಬರೀ ಅಂಕಿಯ ಹೆಸರಿನ ಫೋಲ್ಡರುಗಳು ಇರ್ತವೆ, ಒಂದೊಂದೂ ಒಂದು ಕಂಪನಿ. ಆಮೇಲೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್. ಒಂದು ಫೈಲಲ್ಲಿ ನಿಂತ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗು, ಹಟ ಹಿಡೀಬೇಡ. ವಿಂಡೋಸ್ ಬೇಗ ಏಳಲಿ ಅಂತ ಇರೋ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಿದ್ರೆ ಮಿಂಟ್ ಆ ಡ್ರೈವನ್ನ ಓದೋಕೆ ಮಾತ್ರ ತೆರೆಯುತ್ತೆ. ನಮಗೆ ಬೇಕಾದ್ದೂ ಅದೇ.

ಹೊಳೆನರಸೀಪುರ: ಸದಸ್ಯರ ಪಟ್ಟಿ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋದು. ವಿಂಡೋಸ್ ಫೋಲ್ಡರೊಳಗಿನ ಫಾಂಟ್ಸ್‌ನಿಂದ ನುಡಿ ಫಾಂಟುಗಳನ್ನೂ ತಗೋ. ಇಲ್ಲಾಂದ್ರೆ ಹೊಸದರಲ್ಲಿ ಹೆಸರೆಲ್ಲ ಇಂಗ್ಲಿಷ್ ಅಕ್ಷರದ ಗೊಜ್ಜಾಗಿ ಕಾಣುತ್ತೆ. ಟ್ಯಾಲಿ ಲೈಸೆನ್ಸ್ ಈ ಮೆಷಿನ್ನಿಗೆ ಕಟ್ಟಿದ್ದು, ಸರೆಂಡರ್ ಮಾಡೋಕೆ, ಅಂದ್ರೆ ಇದರಿಂದ ಬಿಡಿಸೋಕೆ, ಈಗ ಆಗಲ್ಲ. ಲೈಸೆನ್ಸಿನ ಇಮೇಲ್ ಐಡಿಯಲ್ಲಿ ನಾನು ಹೊಸದಕ್ಕೆ ವಿಚಾರಿಸ್ತೀನಿ.

ಆಲೂರು: ಟ್ಯಾಲಿ ಫೋಲ್ಡರ್ ಪೂರ್ತಿ ಬಂತು. ಫಾಂಟ್ ಬಂತು. ಫೋಟೋಗಳಲ್ಲಿ ಎರಡು ಫೈಲ್ ಓದೋಕೆ ಬರಲಿಲ್ಲ, ಬಿಟ್ಟೆ. ಎಲ್ಲ ಎರಡು ಪೆನ್‌ಡ್ರೈವಲ್ಲಿ ಇದೆ.

ಹೊಳೆನರಸೀಪುರ: ನನ್ನ ಲ್ಯಾಪ್‌ಟಾಪಲ್ಲಿ ತೆರೆದು ನೋಡೋ ತನಕ ಹಳೇ ಡಿಸ್ಕ್ ಎಸೀಬೇಡ.

ಅರಸೀಕೆರೆ: ಇನ್ನು ಫಾರ್ಮ್ಯಾಟ್ ಮಾಡ್ಬಹುದಲ್ಲ?

ಬೇಲೂರು: ಹಳೇದನ್ನ ಬೇಡ. 256 ಜಿಬಿಯ ಎರಡೂವರೆ ಇಂಚಿನ, ಒಳಗೆ ತಿರುಗೋ ಭಾಗ ಇಲ್ಲದ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟಲ್ಲಿ ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು, ಬೋರ್ಡ್ ಮೇಲೆ ಬರೆದಿರುತ್ತೆ, ಅದಕ್ಕೇ ಚುಚ್ಚು. ಅದರ ಮೇಲೆ ಹೊಸ ವಿಂಡೋಸ್ ಹಾಕಿ. ಹಳೇದರಿಂದ ಕ್ಲೋನ್, ಅಂದ್ರೆ ಇದ್ದಂಗೇ ನಕಲು, ಬೇಡ, ಕೆಟ್ಟ ಸಿಸ್ಟಮ್ ಫೈಲೂ ಜೊತೆಗೆ ಬರುತ್ತೆ. ಇನ್ನೊಂದು: ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಾಲ್ಕನೇ ಜನರೇಷನ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಸಂಘದ ನೆಟ್ ಬ್ಯಾಂಕಿಂಗ್ ಇದರಲ್ಲಿ ಬೇಡ.

ಅರಸೀಕೆರೆ: ಹಳೇದನ್ನ ಎರಡನೇ ಡ್ರೈವ್ ಅಂತ ಒಳಗೇ ಬಿಟ್ರೆ? ಫೋಟೋಗೆ ಆಗುತ್ತೆ.

ಸಕಲೇಶಪುರ: ಬೇಡ ಮಾರಾಯ. ಕೆಟ್ಟ ಡಿಸ್ಕ್ ಕೇಬಲಿಗೆ ಸಿಕ್ಕಿದ್ರೆ ಸಾಕು, ವಿಂಡೋಸ್ ಅದರಲ್ಲಿ ಇಲ್ಲದಿದ್ರೂ ಸ್ಟಾರ್ಟಲ್ಲಿ ಅದನ್ನ ಓದೋಕೆ ಹೋಗಿ ಕಾಯುತ್ತೆ. ಮಿಂಟ್ ಆರು ನಿಮಿಷ ತಗೊಂಡಿದ್ದು ಅದಕ್ಕೇ.

ಅರಸೀಕೆರೆ: ಸರಿ. ಫಾರ್ವರ್ಡ್ ಡಿಲೀಟ್ ಮಾಡ್ದೆ. ಇನ್ನೆರಡು ಗುಂಪಿಗೂ ಹಾಕಿದ್ದೆ, ಅಲ್ಲೂ ತೆಗೆದು "ಮೊದಲು ಕಾಪಿ, ಚೆಕ್‌ಡಿಸ್ಕ್ ಬೇಡ" ಅಂತ ಬರೀತೀನಿ.

ಆಲೂರು: ಹಳೇ ಡಿಸ್ಕ್ ಬಿಚ್ಚಿ, ಮೇಲೆ ಮಾರ್ಕರಲ್ಲಿ "ಕೆಟ್ಟಿದೆ, ಪೆಂಡಿಂಗ್ 64" ಅಂತ ಬರೆದು ಬೀರುವಲ್ಲಿ ಇಟ್ಟಿದ್ದೀನಿ. ಎಸ್‌ಎಸ್‌ಡಿ ನಾಳೆ ಬೆಳಿಗ್ಗೆ ಬಿ.ಎಂ. ರಸ್ತೆಯಲ್ಲಿ ತರ್ತೀನಿ.